ಗುಟ್ಟು ಬಿಟ್ಟುಕೊಡದ ಬಾಣಸಿಗ

ಮದುವೆ ಊಟದ ಬಫೆಯಲ್ಲಿ ಕೋಸಂಬರಿಯ ಪಕ್ಕ ಒಂದು ಗಾಜಿನ ಬೋಗುಣಿ ಇಟ್ಟಿರ್ತಾರೆ, ನೋಡಿದ್ದೀರಾ? ಬೆಳ್ಳಗಿನ ಸಾಸ್‌ನಲ್ಲಿ ಮುಳುಗಿದ ಬಟಾಟೆ ಚೂರು, ಗಜ್ಜರಿ, ಹಸಿ ಬಟಾಣಿ, ಒಮ್ಮೊಮ್ಮೆ ಅನಾನಸು. ಮೊಸರನ್ನದ ತಮ್ಮನಿರಬೇಕು ಅಂದುಕೊಂಡು ಹಾಕಿಸಿಕೊಂಡ ಹಿರಿಯರು ಒಂದು ಚಮಚ ಬಾಯಿಗಿಟ್ಟು, ಸಿಹಿಯೋ ಹುಳಿಯೋ ತಿಳಿಯದೆ ತಟ್ಟೆಯ ಅಂಚಿಗೆ ಸರಿಸಿಬಿಡ್ತಾರೆ. ಮಕ್ಕಳು ಮಾತ್ರ ಎರಡೆರಡು ಸಲ ಹಾಕಿಸಿಕೊಳ್ತಾರೆ. ಹೆಸರು ಕೇಳಿದರೆ ರಷ್ಯನ್ ಸಲಾಡ್ ಅಂತಾರೆ ಬಡಿಸುವ ಹುಡುಗರು.

ನಮ್ಮ ಮನೆಗೆ ಇದು ಬಂದದ್ದು ಪುಣೆಯಲ್ಲಿರುವ ಮೈದುನನ ಮಕ್ಕಳ ಹಟದಿಂದ. ನನ್ನ ತವರು ಬೀಳಗಿ, ಕೊಟ್ಟದ್ದು ಜಮಖಂಡಿಗೆ. ನಾದಿನಿ ಮುಧೋಳದಲ್ಲಿದ್ದಾಳೆ, ನೆಗೆಣ್ಣಿಯ ತವರು ಬನಹಟ್ಟಿ. ಯುಗಾದಿಗೆ, ಬೇಸಿಗೆ ಸೂಟಿಗೆ, ದೀಪಾವಳಿಗೆ ಎಲ್ಲರೂ ನಮ್ಮಲ್ಲೇ ಸೇರೋದು. ಇಪ್ಪತ್ತೈದು ಮಂದಿಗೆ ಕಡಿಮೆ ಇಲ್ಲ! ದೊಡ್ಡವರಿಗೆ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಇದ್ದರೆ ಮುಗೀತು. ಆದರೆ ಊರಿಂದ ಬಂದ ಹುಡುಗರಿಗೆ ಏನಾದರೂ ಹೊಸತು ಆಗಲೇಬೇಕು. ಹಾಗೆ ಈ ಸಲಾಡ್ ಮಾಡೋಕೆ ಹೋಗಿ ಮೊದಲ ಸಲ ಕೈ ಸುಟ್ಟುಕೊಂಡೆ. ಅದನ್ನ ಆಮೇಲೆ ಹೇಳ್ತೀನಿ. ಇದನ್ನು ಮೊದಲು ಮಾಡಿದವರು ಯಾರು, ಹೇಗೆ ಮಾಡ್ತಿದ್ದರು ಅಂತ ಹುಡುಕಿ ಓದತೊಡಗಿದ್ದು ಆ ಪೆಟ್ಟು ತಿಂದ ಮೇಲೇ.

ಹಾಗೆ ಓದುವಾಗ ಸಿಕ್ಕಿದವನು ಲ್ಯೂಸಿಯನ್ ಒಲಿವಿಯೆ. ರಷ್ಯಾದಲ್ಲಿ ಇಂದಿಗೂ ಈ ಸಲಾಡಿಗೆ ಅವನದೇ ಹೆಸರು. ಅಲ್ಲಿ ರಷ್ಯನ್ ಸಲಾಡ್ ಅಂತ ಕೇಳಿದರೆ ಯಾರಿಗೂ ತಿಳಿಯಲಿಕ್ಕಿಲ್ಲ, ಒಲಿವಿಯೆ ಅನ್ನಬೇಕು. ಅಡುಗೆಯವನ ಹೆಸರು ಹೀಗೆ ಮನೆಮಾತಾಗೋದು ಎಷ್ಟು ಅಪರೂಪ ಅಲ್ವಾ? ಬಿಸಿಬೇಳೆಭಾತ್ ಮೊದಲು ಮಾಡಿದವರ ಹೆಸರು ನಮಗೆ ಗೊತ್ತಾ? ಹೋಗಲಿ, ಎಣ್ಣಿಗಾಯಿಗೆ ಮೊದಲು ಮಸಾಲಿ ತುಂಬಿದ ಆ ತಾಯಿ ಯಾರು?

ಬಟಾಟೆಗೆ ಬಂಡಾಯ!

ಒಲಿವಿಯೆ ಹುಟ್ಟಿದ್ದು 1838ರಲ್ಲಿ. ಹೆಸರು ಫ್ರೆಂಚ್, ಬಾಳಿದ್ದು ಮಾಸ್ಕೋದಲ್ಲಿ. ಆಗಿನ ರಷ್ಯಾದ ಸಿರಿವಂತರಿಗೆ ಫ್ರೆಂಚ್ ಅಂದ್ರೆ ಜೀವ. ಮಾತು ಫ್ರೆಂಚ್, ಬಟ್ಟೆ ಫ್ರೆಂಚ್, ಅಡುಗೆಯವನೂ ಫ್ರೆಂಚ್ ಆಗಿದ್ದರೆ ಮನೆತನದ ತೂಕವೇ ಬೇರೆ. ನಮ್ಮಲ್ಲಿ ದೊಡ್ಡ ಮದುವೆಗೆ ಉಡುಪಿ ಅಡುಗೆಯವರನ್ನು ಕರೆಸಿದ್ದೀವಿ ಅಂತ ಹೇಳಿಕೊಂಡು ತಿರುಗ್ತೀವಲ್ಲ, ಹಾಗೆ.

ಅವನು ಚಿಕ್ಕವನಿದ್ದಾಗ ರಷ್ಯಾದ ಹಳ್ಳಿಗಳಲ್ಲಿ ನಡೆದದ್ದು ಕೇಳಿದರೆ ನಿಮಗೆ ನಗು ಬರಬಹುದು. 1840ರ ಆಸುಪಾಸಿನಲ್ಲಿ ಅಲ್ಲಿನ ಸರ್ಕಾರ ರೈತರಿಗೆ ಬಟಾಟೆ ಬೆಳೆಯಲೇಬೇಕು ಅಂತ ಒತ್ತಾಯ ಮಾಡಿತು. ಮಣ್ಣೊಳಗಿನ ಈ ಗಡ್ಡೆಯನ್ನು ಜನ ನಂಬಲಿಲ್ಲ. ಹಳ್ಳಿಗಳು ದಂಗೆ ಎದ್ದವು, ಸೈನ್ಯವೇ ಬರಬೇಕಾಯ್ತು. ಬಟಾಟೆ ದಂಗೆ ಅಂತಲೇ ಇತಿಹಾಸದಲ್ಲಿ ಅದಕ್ಕೆ ಹೆಸರು. ಅಂಥ ಬಟಾಟೆ ಇಪ್ಪತ್ತು ಮೂವತ್ತು ವರ್ಷದೊಳಗೆ ಮಾಸ್ಕೋದ ಅತಿ ದುಬಾರಿ ತಟ್ಟೆಯೊಳಗೆ ಬಂದು ಕೂತಿತು.

ನಮ್ಮದೂ ಬೇರೆ ಕಥೆಯಲ್ಲ. 15ನೇ ಶತಮಾನದಲ್ಲಿ ಅಫಾನಾಸಿ ನಿಕಿತಿನ್ ಎಂಬ ರಷ್ಯಾದ ವ್ಯಾಪಾರಿ ನಮ್ಮ ಬೀದರಿಗೆ ಬಂದು ಇದ್ದು ಹೋಗಿದ್ದಾನೆ. ಆಗ ಅವನ ಊರಲ್ಲೂ ಬಟಾಟೆ ಇರಲಿಲ್ಲ, ಬೀದರಿನಲ್ಲೂ ಇರಲಿಲ್ಲ. ದಕ್ಷಿಣ ಅಮೆರಿಕದಿಂದ ಬಂದ ಗಡ್ಡೆ ಅದು. ಬಟಾಟೆ ಅನ್ನುವ ಮಾತೂ ಪೋರ್ಚುಗೀಸರ ಬಾಯಿಂದ ಗೋವಾ, ಮರಾಠಿ ಸೀಮೆ ದಾಟಿ ನಮ್ಮ ಕಡೆ ಬಂದದ್ದು. ಪಟವರ್ಧನರು ಆಳಿದ ಜಮಖಂಡಿಯಲ್ಲಿ ಆ ಮಾತು ಗಟ್ಟಿಯಾಗಿ ಉಳಿದದ್ದರಲ್ಲಿ ಆಶ್ಚರ್ಯವೇನಿಲ್ಲ. ತಮಾಷೆ ಏನಂದ್ರೆ, ಏಕಾದಶಿ, ಶಿವರಾತ್ರಿಗೆ ಉಳ್ಳಾಗಡ್ಡಿ ನಿಷಿದ್ಧ, ಆದರೆ ಹೊರಗಿನಿಂದ ಬಂದ ಬಟಾಟೆ ಸಾಬೂದಾಣಿ ಖಿಚಡಿಯೊಳಗೆ ಉಪವಾಸಕ್ಕೇ ನಡೆಯುತ್ತೆ!

ನಶ್ಯ ತಂದ ಗೆಳೆತನ

ಒಲಿವಿಯೆ ಮೊದಲು ದೊಡ್ಡವರ ಮನೆಗಳ ಔತಣಗಳಿಗೆ ಅಡುಗೆ ಮಾಡಿಕೊಡ್ತಿದ್ದ. ಮಾಸ್ಕೋದ ಹಳೆಯ ಬದುಕನ್ನು ಬರೆದಿಟ್ಟ ಪತ್ರಕರ್ತ ವ್ಲಾದಿಮಿರ್ ಗಿಲ್ಯಾರೋವ್ಸ್ಕಿಯ ಪ್ರಕಾರ, ಆಗಲೇ ಅವನ ಸಲಾಡಿಗೆ ಭಾರೀ ಹೆಸರಿತ್ತು. ಅದಿಲ್ಲದೆ ಔತಣ ಔತಣವೇ ಅಲ್ಲ ಅನ್ನುವಷ್ಟು. ಎಷ್ಟೋ ಮಂದಿ ತಾವೇ ಮಾಡಿ ನೋಡಿದರು, ಆ ರುಚಿ ಬರಲಿಲ್ಲ. ಒಲಿವಿಯೆ ಹೇಳಲೂ ಇಲ್ಲ.

ಮಾಸ್ಕೋದಲ್ಲಿ ತ್ರುಬ್ನಾಯಾ ಅಂತ ಒಂದು ಚೌಕ ಇದೆ. ಕೊಳವೆ ಚೌಕ ಅನ್ನಬಹುದು ನಮ್ಮ ಮಾತಲ್ಲಿ. ಆಗ ಅದು ಅಂಥ ಒಳ್ಳೆಯ ಜಾಗವೇನಲ್ಲ. ಕೆಸರು, ಹೆಂಡದಂಗಡಿಗಳು, ಭಾನುವಾರ ಹಕ್ಕಿಗಳ ಸಂತೆ. ಅಲ್ಲೊಬ್ಬ ಕಾವಲಿನವನು ಬೆರ್ಗಮಾಟ್ ಎಂಬ ನಿಂಬೆಜಾತಿಯ ಹಣ್ಣಿನ ಘಮ ಸೇರಿಸಿದ ನಶ್ಯ ಮಾರ್ತಿದ್ದ. ಆ ನಶ್ಯದ ಚಟ ಇದ್ದ ಇಬ್ಬರು ಅಲ್ಲಿ ಮತ್ತೆ ಮತ್ತೆ ಎದುರಾಗ್ತಿದ್ದರು. ಒಬ್ಬ ನಮ್ಮ ಒಲಿವಿಯೆ, ಇನ್ನೊಬ್ಬ ಪೆಗೋವ್ ಮನೆತನದ ಶ್ರೀಮಂತ ವ್ಯಾಪಾರಿ. ನಶ್ಯ ಏರಿಸ್ತಾ ಏರಿಸ್ತಾ ಮಾತು ಬೆಳೀತು. ಪೆಗೋವ್ ಆ ಜಾಗ ಕೊಂಡ, ಕಟ್ಟಡ ಎದ್ದಿತು. 1864ರಲ್ಲಿ ಎರ್ಮಿತಾಜ್ ಎಂಬ ರೆಸ್ಟೋರೆಂಟ್ ಬಾಗಿಲು ತೆರೆಯಿತು. ನಮ್ಮ ಗಂಡಸರು ತಂಬಾಕು ತಿಕ್ಕುತ್ತಾ ಕಟ್ಟೆ ಮೇಲೆ ಕೂತಾಗ ಬೈಯೋದಕ್ಕೆ ಮುಂಚೆ ಇನ್ನು ಮೇಲೆ ಒಂದು ಸಲ ಯೋಚಿಸಬೇಕೇನೋ!

ಆ ಕಾಲವೂ ಅವನಿಗೆ ಕೂಡಿ ಬಂದಿತ್ತು. 1861ರಲ್ಲಿ ರಷ್ಯಾದಲ್ಲಿ ಜೀತಪದ್ಧತಿ ರದ್ದಾಯ್ತು. ಜೀತದಾಳುಗಳಿಗೆ ಬಿಟ್ಟುಕೊಟ್ಟ ಭೂಮಿಗೆ ಪರಿಹಾರ ಅಂತ ಜಮೀನ್ದಾರರ ಕೈಗೆ ದುಡ್ಡು ಬಂತು. ಅದನ್ನು ಕೂಡಿಡುವ ಬುದ್ಧಿ ಎಲ್ಲರಿಗೂ ಎಲ್ಲಿ ಬರಬೇಕು? ಬಹಳಷ್ಟು ಎರ್ಮಿತಾಜ್‌ನ ಮೇಜಿನ ಮೇಲೆ ಕರಗಿತು. ಜಮೀನ್ದಾರರ ದುಡ್ಡು ಮುಗಿದ ಮೇಲೆ ವ್ಯಾಪಾರಸ್ಥರು ಬಂದರು.

ಒಳಗಿನ ವೈಭವ ಬೆಳ್ಳಿ, ಕನ್ನಡಿ, ದೀಪಗಳದ್ದು. ಆದರೆ ಬಡಿಸುವವರಿಗೆ ಫ್ರೆಂಚ್ ವೇಷ ಹಾಕಿಸಲಿಲ್ಲ ಒಲಿವಿಯೆ. ಹಳೆಯ ರಷ್ಯನ್ ಖಾನಾವಳಿಗಳಲ್ಲಿ ಇದ್ದ ಹಾಗೆ ಬಿಳಿ ಅಂಗಿ, ಸೊಂಟಕ್ಕೆ ಪಟ್ಟಿ. ಅಂಗಿ ಮಾತ್ರ ದುಬಾರಿ ನಾರುಬಟ್ಟೆಯದು, ಪಟ್ಟಿ ರೇಷ್ಮೆಯದು! ಊಟ ಪ್ಯಾರಿಸಿನದು, ಬಡಿಸುವ ಕೈ ಮನೆಯದು ಅನ್ನುವ ಭಾವನೆ ಬರಬೇಕು ಗಿರಾಕಿಗೆ. ಜಾಣ ಅಲ್ವಾ? ಸಂಗೀತಗಾರ ಚೈಕೋವ್‌ಸ್ಕಿಯ ಮದುವೆ ಊಟ 1877ರಲ್ಲಿ ಅಲ್ಲೇ ನಡೆಯಿತು. 1879ರಲ್ಲಿ ತುರ್ಗೆನೆವ್‌ಗೆ, 1880ರಲ್ಲಿ ದಾಸ್ತೋವ್‌ಸ್ಕಿಗೆ ಅಲ್ಲಿ ಗೌರವದ ಔತಣ ಏರ್ಪಾಡಾಗಿತ್ತು. ಅವರ ತಟ್ಟೆಗೂ ಈ ಬಟಾಟೆ ಬಿದ್ದಿತ್ತೇನೋ ಅಂತ ನಾನು ಒಗ್ಗರಣೆ ಹಾಕ್ತಾ ಎಷ್ಟೋ ಸಲ ಯೋಚಿಸಿದ್ದೀನಿ.

ಕಲಸಿದವರು ಗಿರಾಕಿಗಳೇ

ಆ ಸಲಾಡ್‌ನಲ್ಲಿ ಏನೇನಿತ್ತು? ಸಸ್ಯಾಹಾರಿ ಗೆಳತಿಯರು ಒಂದು ನಿಮಿಷ ತಾಳಿಕೊಳ್ಳಿ. ಗೌಜಲ ಹಕ್ಕಿಯಂಥ ಕಾಡುಹಕ್ಕಿಯ ಮಾಂಸ, ಸಿಗಡಿಯ ಜಾತಿಯ ಹೊಳೆಜೀವಿ, ಮಾಂಸದ ಸಾರು ಹೆಪ್ಪುಗಟ್ಟಿಸಿದ ಜೆಲ್ಲಿ, ಸೌತೆಕಾಯಿ, ಬಟಾಟೆ, ಹಸಿರು ಎಲೆ, ಮೇಲೆ ಮೊಟ್ಟೆಯ ಹಳದಿ ಮತ್ತು ಎಣ್ಣೆ ಕಡೆದು ಮಾಡಿದ ಸಾಸ್. ಅದನ್ನೇ ನಾವು ಮಯೊನೀಸ್ ಅನ್ನೋದು. ಗುಟ್ಟೆಲ್ಲ ಆ ಸಾಸ್‌ನಲ್ಲೇ ಇತ್ತು ಅಂತಾರೆ.

ಒಂದು ಕಥೆ ಬಹಳ ಚಾಲ್ತಿಯಲ್ಲಿದೆ. ನಿಜವೋ ಕಟ್ಟಿದ್ದೋ, ಕೇಳಲು ಚೆಂದ. ಮೊದಮೊದಲು ಒಲಿವಿಯೆ ಇದನ್ನು ಕಲಸಿ ಕೊಡ್ತಿರಲಿಲ್ಲವಂತೆ. ಸುತ್ತ ಮಾಂಸದ ಹೋಳು, ಜೆಲ್ಲಿ, ನಡುವೆ ಬಟಾಟೆ, ಸೌತೆ, ಮೊಟ್ಟೆಯ ಗುಡ್ಡ. ಆ ಬಟಾಟೆ ಗುಡ್ಡ ಬರೀ ಅಲಂಕಾರಕ್ಕಂತೆ! ಆದರೆ ಗಿರಾಕಿಗಳು ತಟ್ಟೆ ಬಂದ ಕೂಡಲೇ ಚಮಚ ಹಾಕಿ ಎಲ್ಲವನ್ನೂ ಒಟ್ಟಿಗೇ ಕಲಸಿ ಬಾಯಿಗಿಡ್ತಿದ್ದರು. ಒಲಿವಿಯೆಗೆ ಕಣ್ಣು ಕೆಂಪಾಯ್ತು. ಮರುದಿನ ಸಿಟ್ಟಿನಿಂದಲೇ ಎಲ್ಲವನ್ನೂ ಹೆಚ್ಚಿ, ಸಾಸ್ ಸುರಿದು, ಕಲಸಿಯೇ ಕಳಿಸಿದ. ಅದೇ ಎಲ್ಲರಿಗೂ ಇನ್ನಷ್ಟು ಹಿಡಿಸಿತು. ಅನ್ನ, ಸಾರು, ಪಲ್ಯ ಬೇರೆ ಬೇರೆ ಬಡಿಸಿದರೂ ನಾವು ಕೈಯಿಂದ ಕಲಸಿಯೇ ತಿನ್ನೋದಲ್ವಾ? ಈ ಕಥೆ ಓದಿದ ಮೇಲೆ ಆ ರಷ್ಯನ್ ಗಿರಾಕಿಗಳು ನನಗೆ ನೆಂಟರ ಹಾಗೆ ಕಂಡರು.

ಬಾಗಿಲು ಹಾಕಿ ಅಳತೆ

ಒಲಿವಿಯೆ ಆ ಸಾಸ್‌ನ ಅಳತೆಯನ್ನು ಯಾರಿಗೂ ಹೇಳಲಿಲ್ಲ. ಬರೆದಿಡಲೂ ಇಲ್ಲ. ಒಬ್ಬನೇ ಕೋಣೆಯಲ್ಲಿ ಸಾಸ್ ಮಾಡ್ತಿದ್ದ ಅನ್ನುತ್ತದೆ ಇನ್ನೊಂದು ಕಥೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ಮುಧೋಳದ ನಮ್ಮ ಕಾಕು. ನನ್ನ ಮಾವನವರ ತಮ್ಮನ ಹೆಂಡತಿ. ಅವರು ಕುಟ್ಟಿಸುವ ಮಸಾಲಿ ಖಾರಕ್ಕೆ ಬಳಗದಲ್ಲೆಲ್ಲ ಹೆಸರು. ಬೇಸಿಗೆ ಬಂತಂದ್ರೆ ಬ್ಯಾಡಗಿ ಮೆಣಸಿನಕಾಯಿ ಅಂಗಳದಲ್ಲಿ ಹರವಿ, ಒಣಕೊಬ್ಬರಿ, ಬಳ್ಳೊಳ್ಳಿ, ಕೊತ್ತಂಬರಿ ಬೀಜ, ಲವಂಗ, ದಾಲ್ಚಿನ್ನಿ ಎಲ್ಲ ಕಾಣುವ ಹಾಗೇ ಇಡ್ತಿದ್ದರು. ಆದರೆ ಹುರಿದು ಅಳೆಯುವ ಹೊತ್ತಿಗೆ ಏನಾದರೊಂದು ನೆಪ ತೆಗೆದು ನಮ್ಮನ್ನು ಹೊರಗೆ ಕಳಿಸ್ತಿದ್ದರು. ಮಗು ಅಳ್ತಿದೆ ನೋಡು ಅಂತ, ಇಲ್ಲಾ ಅಂಗಡಿಯಿಂದ ಅರಿಷಿಣ ತಾ ಅಂತ. ನಾವು ಬರುವ ಹೊತ್ತಿಗೆ ಎಲ್ಲ ಕೂಡಿಸಿ ಆಗಿರ್ತಿತ್ತು. ಒಂದು ದಿನ ಇದ್ದಕ್ಕಿದ್ದಂತೆ ಕಾಕು ತೀರಿಕೊಂಡರು. ಅವರ ಸೊಸೆ ನಾಲ್ಕು ಬೇಸಿಗೆ ಪ್ರಯತ್ನ ಮಾಡಿದಳು. ಕೆಂಪು ಬಂತು, ಘಾಟು ಬಂತು, ಆ ಖಾರ ಬರಲಿಲ್ಲ. ಅವರ ಕೈಯ ಕೊನೆಯ ಡಬ್ಬಿಯ ತಳದಲ್ಲಿದ್ದ ಎರಡು ಚಮಚ ಖಾರವನ್ನು ನನ್ನ ಅತ್ತೆ ಎಷ್ಟೋ ದಿನ ಬಳಸಲೇ ಇಲ್ಲ. ಹುಳ ಬಿದ್ದ ಮೇಲೆ ಚೆಲ್ಲಬೇಕಾಯ್ತು.

ಆಗ ನನಗೆ ಕಾಕುವಿನ ಮೇಲೆ ಸಿಟ್ಟೇ ಬಂದಿತ್ತು. ಮನೆಯವರಿಗೂ ಹೇಳಬಾರದಾ ಅಂತ. ಈಗ ಹಾಗೆ ಅನ್ನಿಸೋದಿಲ್ಲ. ಯಾಕಂದ್ರೆ ಹೊಲ, ಮನೆ, ಬಂಗಾರ ಯಾವುದರ ಮಾತಿಗೂ ಅವರನ್ನು ಯಾರೂ ಕೇಳ್ತಿರಲಿಲ್ಲ. ಖಾರಕ್ಕೆ ಮಾತ್ರ ಎಲ್ಲರೂ ಅವರ ಬಾಗಿಲಿಗೇ ಬರಬೇಕಿತ್ತು. ಅದನ್ನೂ ಕೊಟ್ಟುಬಿಟ್ಟರೆ ತಮ್ಮದು ಅಂತ ಏನುಳೀತು? ಒಲಿವಿಯೆಗಾದರೂ ರೆಸ್ಟೋರೆಂಟ್ ಇತ್ತು, ಪಾಲುದಾರ ಇದ್ದ, ಹೆಸರಿತ್ತು. ಅಂಥವನೇ ಬಿಟ್ಟುಕೊಡಲಿಲ್ಲ ಅಂದಮೇಲೆ ಕಾಕುವನ್ನು ಯಾವ ಬಾಯಿಂದ ಬೈಯಲಿ?

1883ರ ನವೆಂಬರಿನಲ್ಲಿ ಒಲಿವಿಯೆ ತೀರಿಕೊಂಡ. ಆಗ ವಯಸ್ಸು ಬರೀ 45. ಅದೇ ನವೆಂಬರಿನಲ್ಲೇ, ಆಗಿನ್ನೂ ಡಾಕ್ಟರಿಕೆ ಓದ್ತಿದ್ದ ಚೆಕಾಫ್ ತ್ರುಬ್ನಾಯಾ ಚೌಕದ ಹಕ್ಕಿ ಸಂತೆಯ ಬಗ್ಗೆ ಬರೆದ ಒಂದು ಪುಟ್ಟ ಬರಹ ಪತ್ರಿಕೆಯಲ್ಲಿ ಬಂತು. ಒಲಿವಿಯೆಯನ್ನು ಮಾಸ್ಕೋದ ವೆದೆನ್‌ಸ್ಕೊಯೆ ಸ್ಮಶಾನದಲ್ಲಿ ಮಣ್ಣು ಮಾಡಿದರು. ಗೆಳೆಯರು, ಪರಿಚಯದವರು ಸೇರಿ ಕಲ್ಲು ಹಾಕಿಸಿದರು. ಆಮೇಲೆ ಆ ಸಮಾಧಿ ಎಲ್ಲಿದೆ ಅನ್ನೋದೇ ಜನಕ್ಕೆ ಮರೆತುಹೋಯ್ತು. ಮತ್ತೆ ಪತ್ತೆಯಾದದ್ದು 2008ರಲ್ಲಿ. ಅಷ್ಟು ವರ್ಷವೂ ಅವನ ಹೆಸರು ಮಾತ್ರ ಪ್ರತಿ ಮನೆಯ ಊಟದ ಮೇಜಿನ ಮೇಲೆ ಇತ್ತು ನೋಡಿ.

ಕಾಡುಹಕ್ಕಿಯಿಂದ ಡಬ್ಬಿ ಬಟಾಣಿಗೆ

ಅವನು ಹೋದ ಮೇಲೆ ಉಳಿದ ಅಡುಗೆಯವರು ಸುಮ್ಮನೆ ಕೂರಲಿಲ್ಲ. ತಿಂದ ನೆನಪಿನ ಮೇಲೆ, ಅಂದಾಜಿನ ಮೇಲೆ ಮಾಡತೊಡಗಿದರು. 1897ರ ಹೊತ್ತಿಗೆ ಪೆಲಾಗೆಯಾ ಅಲೆಕ್ಸಾಂದ್ರೊವಾ ಎಂಬ ಹೆಣ್ಣುಮಗಳು ಬರೆದ ಅಡುಗೆ ಪುಸ್ತಕದಲ್ಲಿ ಒಲಿವಿಯೆ ಸಲಾಡ್ ಮಾಡುವ ಕ್ರಮ ಅಚ್ಚಾಗಿತ್ತು. ಕಾಡುಹಕ್ಕಿ, ಬಟಾಟೆ, ಸೌತೆ, ಆಲಿವ್, ಎಲ್ಲ ಅಳತೆಯ ಸಮೇತ. ಇವನು ಬಾಗಿಲು ಹಾಕಿಕೊಂಡದ್ದನ್ನು ಆಕೆ ಮನೆಮನೆಗೆ ಹಂಚಿದಳು. ರುಚಿ ಒಲಿವಿಯೆಯದೇ ಅಂತ ಹೇಳಲು ಸಾಕ್ಷಿ ಹೇಳುವವನೇ ಇರಲಿಲ್ಲ. ನನ್ನ ಕೇಳಿದರೆ ಆಕೆಯ ಹೆಸರಲ್ಲೂ ಒಂದು ಸಲಾಡ್ ಇರಬೇಕಿತ್ತು.

ಅವನ ಕೈಕೆಳಗೆ ಕೆಲಸ ಮಾಡ್ತಿದ್ದ ಇವಾನೊವ್ ಎಂಬವನು ಗುಟ್ಟನ್ನು ಕದ್ದ ಅನ್ನೋ ಕಥೆಯೂ ಇದೆ. ಒಂದು ಸಂಜೆ ಒಲಿವಿಯೆ ಅವಸರದಲ್ಲಿ ಹೊರಗೆ ಹೋದಾಗ ಅವನ ಮೇಜಿನ ಮೇಲಿದ್ದ ಸಾಮಾನು ನೋಡಿ ಅಂದಾಜು ಮಾಡಿದನಂತೆ. ಆಮೇಲೆ ಬೇರೆ ಕಡೆ ರಾಜಧಾನಿ ಸಲಾಡ್ ಅಂತ ಮಾರಿದನಂತೆ. ಕಾಕು ನಮ್ಮನ್ನು ಹೊರಗೆ ಕಳಿಸ್ತಿದ್ದದ್ದು ಇದಕ್ಕೇ ಇರಬೇಕು!

1917ರಲ್ಲಿ ಕ್ರಾಂತಿಯಾಯ್ತು. ಎರ್ಮಿತಾಜ್ ಮುಚ್ಚಿತು. ಬೆಳ್ಳಿ ತಟ್ಟೆಯ ಕಾಲ ಮುಗೀತು. ಮುಂದೆ ಆ ಕಟ್ಟಡದಲ್ಲಿ ರೈತರ ಭವನ ಬಂತು, ದಶಕಗಳ ನಂತರ ನಾಟಕ ಮಂದಿರವೂ ಆಯ್ತು. ಕಾಡುಹಕ್ಕಿ, ಆಲಿವ್ ಕೊಳ್ಳುವವರು ಯಾರು? ಸಲಾಡ್ ಅಲ್ಲಿಗೇ ಸತ್ತು ಹೋಗಬೇಕಿತ್ತು. ಹೋಗಲಿಲ್ಲ. 1930ರ ದಶಕದಲ್ಲಿ ಮಾಸ್ಕೋದ ಹೋಟೆಲುಗಳು ಕೋಳಿ ಹಾಕಿದವು. ಮನೆಯ ಹೆಂಗಸರು ಅದನ್ನೂ ಬಿಟ್ಟು ಅಂಗಡಿಯಲ್ಲಿ ಸಿಗುವ ಮಾಂಸದ ಸಾಸೇಜ್ ಹೆಚ್ಚಿ ಹಾಕಿದರು. ಎಲೆಯ ಹಸಿರಿಗೆ ಬದಲು ಡಬ್ಬಿ ಬಟಾಣಿ ಬಂತು. ಹೊಳೆಜೀವಿಯ ಕೆಂಪಿಗೆ ಬದಲು ಗಜ್ಜರಿ ಬಂತು. ಉಪ್ಪುನೀರಿನ ಸೌತೆ, ಬೇಯಿಸಿದ ಮೊಟ್ಟೆ, ಕಾರ್ಖಾನೆಯ ಮಯೊನೀಸ್. ಇದ್ದದ್ದರಲ್ಲಿ ಮಾಡಿದ್ದು. ಉಳಿದದ್ದೂ ಅದೇ.

ಸಾಮಾನು ಸುಲಭಕ್ಕೆ ಸಿಗದ ಆ ದಿನಗಳಲ್ಲಿ ಡಬ್ಬಿ ಬಟಾಣಿ ಕಂಡರೆ ಹೆಂಗಸರು ತಂದು ಹೊಸ ವರ್ಷಕ್ಕೆ ಅಂತ ಎತ್ತಿಡ್ತಿದ್ದರು. ಮಕ್ಕಳು ಕೇಳಿದರೂ ಒಡೆಯುವಂತಿಲ್ಲ. ನಮ್ಮ ಅವ್ವಂದಿರು ಪಂಚಮಿ ಉಂಡಿಗೆ ಅಂತ ಬೆಲ್ಲ, ಶೇಂಗಾ ಎತ್ತಿಡ್ತಿದ್ದ ಹಾಗೆ. ಡಿಸೆಂಬರ್ 31ರ ಮಧ್ಯಾಹ್ನ ಮನೆಮಂದಿಯೆಲ್ಲ ಕೂತು ಬಟಾಟೆ ಸುಲಿಯೋದು, ಹೆಚ್ಚೋದು. ಒಂದು ದೊಡ್ಡ ಪಾತ್ರೆ ತುಂಬ ಕಲಸಿ, ಫ್ರಿಜ್‌ನಲ್ಲಿ ಹಿಡಿಸದಿದ್ದರೆ ಬಾಲ್ಕನಿಯಲ್ಲಿ ಇಟ್ಟರಾಯ್ತು. ಮಾಸ್ಕೋದ ಡಿಸೆಂಬರ್ ಅಂದ್ರೆ ಹೊರಗೇ ಫ್ರಿಜ್! ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಸಲಾಡ್ ದೇಶ ದಾಟಿತು. ಇರಾನಿನಲ್ಲಿ ಕೋಳಿ ಹಾಕಿ ಒಲಿವಿಯೆ ಹೆಸರಲ್ಲೇ ಮಾಡ್ತಾರೆ. ಸ್ಪೇನಿನವರು ರಷ್ಯನ್ ಅಂತಾರೆ. ಕ್ರೊಯೇಷಿಯಾದವರು ಫ್ರೆಂಚ್ ಸಲಾಡ್ ಅಂತಾರೆ. ಟರ್ಕಿಯಲ್ಲಿ ರಷ್ಯನ್ ಅನ್ನುತ್ತಿದ್ದವರು ಶೀತಲ ಸಮರದ ಕಾಲದಲ್ಲಿ ಅಮೆರಿಕನ್ ಸಲಾಡ್ ಅನ್ನತೊಡಗಿದರು! ತಟ್ಟೆಯಲ್ಲಿರುವುದು ಮಾತ್ರ ಅದೇ ಬಟಾಟೆ, ಅದೇ ಬಟಾಣಿ.

ನಮ್ಮ ಮನೆಯ ಫಜೀತಿ

ಈಗ ನನ್ನ ಕೈ ಸುಟ್ಟ ಕಥೆ. ಒಂದು ಮೇ ತಿಂಗಳು, ಸೂಟಿಗೆ ಎಲ್ಲ ಸೇರಿದ್ದರು. ಬೆಳಿಗ್ಗೆ ಹತ್ತಕ್ಕೆ ಬಟಾಟೆ ಬೇಯಿಸಿ, ಬಿಸಿಬಿಸಿ ಇರುವಾಗಲೇ ಹೆಚ್ಚಿ, ಅಂಗಡಿಯ ಮೊಟ್ಟೆಯಿಲ್ಲದ ಮಯೊನೀಸ್ ಹಾಕಿ ಕಲಸಿದೆ. ಮೇಲೆ ತಟ್ಟೆ ಮುಚ್ಚಿ ಅಡುಗೆಮನೆಯಲ್ಲೇ ಇಟ್ಟೆ. ರೊಟ್ಟಿ ಬಡಿಯೋದು, ಪಲ್ಯ, ನೆಂಟರ ಮಾತು... ಊಟಕ್ಕೆ ಕೂತಾಗ ಎರಡೂವರೆ. ಹೊರಗೆ ಬಿಸಿಲು 40 ಡಿಗ್ರಿ ದಾಟಿತ್ತು. ಸಂಜೆಗೆ ಮೂರು ಮಕ್ಕಳಿಗೆ ವಾಂತಿ ಶುರುವಾಯ್ತು. ನಾದಿನಿಯ ಐದು ವರ್ಷದ ಮಗನಿಗೆ ರಾತ್ರಿ ಸಲಾಯಿನ್ ಹಚ್ಚಿಸಬೇಕಾಯ್ತು. ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ನಾದಿನಿ ನನಗೆ ಒಂದೂ ಮಾತಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾನು ತಪ್ಪೆಲ್ಲ ಮಯೊನೀಸ್ ಮೇಲೆ ಹಾಕಿದೆ. ಆದರೆ ಓದಿದಾಗ ತಿಳಿದದ್ದೇ ಬೇರೆ. ಹಸಿ ಮೊಟ್ಟೆಯಿಂದ ಮಾಡಿದ ಮಯೊನೀಸ್ ನಿಜಕ್ಕೂ ಅಪಾಯ. ಅದರಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಇದೇ ಭಯಕ್ಕೆ ತೆಲಂಗಾಣ ಸರ್ಕಾರ 2024ರಲ್ಲಿ, ತಮಿಳುನಾಡು 2025ರಲ್ಲಿ ಹಸಿ ಮೊಟ್ಟೆಯ ಮಯೊನೀಸನ್ನು ಒಂದೊಂದು ವರ್ಷ ನಿಷೇಧ ಮಾಡಿದ್ದವು. ಆದರೆ ನಾನು ತಂದದ್ದು ಮೊಟ್ಟೆಯಿಲ್ಲದ್ದು. ಅಂಗಡಿಯ ಜಾಡಿಯೊಳಗಿನದು ಹುಳಿಯಾಗಿರೋದರಿಂದ ಅಷ್ಟು ಬೇಗ ಕೆಡೋದೂ ಇಲ್ಲ. ಕೆಡುವುದು ಬೇಯಿಸಿದ ಬಟಾಟೆ! ನೀರಿನಂಶ ಇದೆ, ಹುಳಿ ಇಲ್ಲ, ಹೆಚ್ಚುವಾಗ ಕೈ, ಚಾಕು, ಮಣೆ ಎಲ್ಲ ತಾಗಿರುತ್ತೆ. ಬಿಸಿಯಲ್ಲೇ ಮುಚ್ಚಿಟ್ಟರೆ ರೋಗಾಣುಗಳಿಗೆ ಹಬ್ಬದೂಟ. ಇಂಥ ಸಲಾಡ್ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. 32 ಡಿಗ್ರಿ ದಾಟಿದ ಸೆಕೆಯಲ್ಲಿ ಒಂದೇ ಗಂಟೆ. ನಾನು ಇಟ್ಟದ್ದು ನಾಲ್ಕೂವರೆ ಗಂಟೆ. ಮಾಸ್ಕೋದ ಬಾಲ್ಕನಿಯ ಅಡುಗೆಯನ್ನು ಜಮಖಂಡಿಯ ಮೇ ತಿಂಗಳಲ್ಲಿ ಮಾಡಿದ್ದೆ ನೋಡಿ!

ನಮ್ಮ ಕಡೆಗೆ ಒಗ್ಗುವ ಹಾಗೆ

ಈಗ ನಾನು ಮಾಡೋದು ಹೀಗೆ. ಹನ್ನೆರಡು ಹದಿನೈದು ಮಂದಿಗೆ ಒಂದು ಕಿಲೋ ಬಟಾಟೆ, ಕಾಲು ಕಿಲೋ ಗಜ್ಜರಿ, ಕಾಲು ಕಿಲೋ ಸುಲಿದ ಬಟಾಣಿ, ಎರಡು ಎಳೆ ಸೌತಿಕಾಯಿ ಸಾಕು. ಹಿಂದಿನ ರಾತ್ರಿಯೇ ಒಂದು ಲೀಟರ್ ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಫ್ರಿಜ್‌ನೊಳಗೇ ಜರಡಿಯ ಮೇಲೆ ಇಡಿ. ಶ್ರೀಖಂಡಕ್ಕೆ ಚಕ್ಕಾ ಮಾಡ್ತೀವಲ್ಲ, ಅದೇ. ಬಟಾಟೆಯನ್ನೂ ರಾತ್ರಿಯೇ ಸಿಪ್ಪೆ ಸಮೇತ ಬೇಯಿಸಿ. ಕುಕ್ಕರಿನಲ್ಲಿ ಬೇಡ, ಒಡೆದು ಪಲ್ಯವಾಗುತ್ತೆ. ತೆರೆದ ಪಾತ್ರೆಯಲ್ಲಿ ನೀರಿಗೆ ಉಪ್ಪು ಹಾಕಿ, ಚಾಕು ಚುಚ್ಚಿದರೆ ಒಳಗೆ ಹೋಗಬೇಕು, ಆದರೆ ಬಿರಿಯಬಾರದು. ಗಜ್ಜರಿ ಇಡಿಯಾಗಿಯೇ ಬೇಯಲಿ. ಬಟಾಣಿಗೆ ನಾಲ್ಕೈದು ನಿಮಿಷದ ಕುದಿ ಸಾಕು, ಮುಚ್ಚಬೇಡಿ, ಹಸಿರು ಹೋಗುತ್ತೆ. ಎಲ್ಲವನ್ನೂ ನೀರು ಬಸಿದು, ಅಗಲ ತಟ್ಟೆಯಲ್ಲಿ ಹರವಿ ಫ್ಯಾನ್ ಕೆಳಗೆ ಆರಿಸಿ. ಬಿಸಿ ಇಳಿದ ಕೂಡಲೇ ಫ್ರಿಜ್‌ಗೆ. ಇದೊಂದು ಹೆಜ್ಜೆ ಬಿಟ್ಟಿದ್ದಕ್ಕೇ ನಾನು ಆಸ್ಪತ್ರೆ ಕಂಡದ್ದು.

ರಷ್ಯನ್ನರು ಹಾಕುವ ಉಪ್ಪುನೀರಿನ ಸೌತೆಯ ರುಚಿ ಬೇಕೇ ಬೇಕು. ಅದಿಲ್ಲದಿದ್ದರೆ ಸಲಾಡ್ ಸಪ್ಪೆ. ನಮ್ಮ ಕರ್ನಾಟಕದಲ್ಲಿ ಬೆಳೆದ ಮಿಡಿಸೌತೆ ಡ್ರಮ್ಮುಗಳಲ್ಲಿ, ಜಾಡಿಗಳಲ್ಲಿ ತುಂಬಿ ರಷ್ಯಾಕ್ಕೂ ಹೋಗುತ್ತೆ. ನಮಗೆ ಮಾತ್ರ ಊರ ಅಂಗಡಿಯಲ್ಲಿ ಸುಲಭಕ್ಕೆ ಸಿಗಲ್ಲ! ಅದಕ್ಕೆ ಎಳೆ ಸೌತಿಯ ಬೀಜ ತೆಗೆದು ಸಣ್ಣಗೆ ಹೆಚ್ಚಿ, ಒಂದು ಚಮಚ ಉಪ್ಪು, ಎರಡು ಚಮಚ ವಿನೆಗರ್ ಅಥವಾ ನಿಂಬೆರಸ ಹಾಕಿ ರಾತ್ರಿ ಫ್ರಿಜ್‌ನಲ್ಲಿ ನೆನೆಸಿಡಿ. ಬೆಳಿಗ್ಗೆ ಚೆನ್ನಾಗಿ ಹಿಂಡಿ. ಹಿಂಡದಿದ್ದರೆ ಸಲಾಡ್ ನೀರೊಡೆಯುತ್ತೆ.

ಸಾಸ್‌ಗೆ ಚಕ್ಕಾದ ಜೊತೆ ಒಂದು ಚಮಚ ಸಾಸಿವೆ ಪುಡಿ, ಎರಡು ಚಮಚ ಸಕ್ಕರೆ, ಒಂದು ಚಮಚ ಕಾಳುಮೆಣಸಿನ ಪುಡಿ, ಉಪ್ಪು, ಮೂರು ಚಮಚ ಸೂರ್ಯಕಾಂತಿ ಎಣ್ಣೆ ಹಾಕಿ ಕಡೆಯಿರಿ. ಶೇಂಗಾ ಎಣ್ಣೆ ಬೇಡ, ಅದರ ಘಮ ಎಲ್ಲವನ್ನೂ ನುಂಗಿಬಿಡುತ್ತೆ. ಮಯೊನೀಸಿನದೇ ಜಿಡ್ಡು ರುಚಿ ಬೇಕು ಅನ್ನುವವರು ಅರ್ಧ ಬಟ್ಟಲು ತಣ್ಣನೆ ಹಾಲಿಗೆ ಮಿಕ್ಸರ್ ತಿರುಗುತ್ತಿರುವಾಗಲೇ ಒಂದು ಬಟ್ಟಲು ಎಣ್ಣೆಯನ್ನು ದಾರದಂತೆ ಸುರಿಯಿರಿ. ಗಟ್ಟಿಯಾದ ಮೇಲೆ ನಿಂಬೆರಸ, ಉಪ್ಪು. ಅವಸರ ಮಾಡಿದರೆ ಒಡೆಯುತ್ತೆ. ನನಗೆ ಎರಡು ಸಲ ಒಡೆದಿದೆ, ಅದಕ್ಕೆ ಚಕ್ಕಾವೇ ವಾಸಿ.

ಬಟಾಟೆ, ಗಜ್ಜರಿಯನ್ನು ಬಟಾಣಿ ಕಾಳಿನಷ್ಟೇ ದಪ್ಪಕ್ಕೆ ಹೆಚ್ಚಬೇಕು. ಇದೇ ಬೇಜಾರಿನ ಕೆಲಸ, ಆದರೆ ಎಲ್ಲರೂ ಕೂತರೆ ಅರ್ಧ ಗಂಟೆ. ಊಟಕ್ಕೆ ಎಲೆ ಹಾಕಿದ ಮೇಲೆ ಫ್ರಿಜ್‌ನಿಂದ ತೆಗೆದು ಸಾಸ್ ಕಲಸಿ. ತತ್ತಿ ತಿನ್ನುವವರಿಗೆ ಗಟ್ಟಿಯಾಗಿ ಬೇಯಿಸಿದ ತತ್ತಿ ಹೆಚ್ಚಿ ಬೇರೆ ಬಟ್ಟಲಲ್ಲಿ ಇಡಿ. ಮಡಿಯ ಅಜ್ಜಿಯರಿಗೆ ಅನುಮಾನ ಬರಬಾರದು. ದೊಡ್ಡ ಪಾತ್ರೆ ತುಂಬ ಒಮ್ಮೆಲೇ ಹೊರಗೆ ತರಬೇಡಿ, ಸಣ್ಣ ಬೋಗುಣಿಯಲ್ಲಿ ಎರಡು ಮೂರು ಸಲ ತನ್ನಿ. ತಟ್ಟೆಯಲ್ಲಿ ಉಳಿದದ್ದನ್ನು ಸಂಜೆಗೆ ಅಂತ ಎತ್ತಿಡಬೇಡಿ, ಎಷ್ಟೇ ಜೀವ ಚುರ್ ಅಂದರೂ ಸರಿ. ಕರೆಂಟ್ ಕೈಕೊಟ್ಟ ದಿನ ಈ ಸಲಾಡಿನ ಸಹವಾಸವೇ ಬೇಡ, ಕೋಸಂಬರಿ ಮಾಡಿ.

ಈ ಸಲದ ಯುಗಾದಿಗೆ ನಾದಿನಿಯ ಅದೇ ಮಗ ಬಟಾಣಿ ಸುಲಿಯಲು ಬಂದು ಕೂತ. ನನಗೆ ಒಳಗೊಳಗೇ ಪುಕುಪುಕು. ನಾದಿನಿ ತಾನೇ ಮೊದಲು ಒಂದು ಚಮಚ ತಿಂದು ನೋಡಿ, ಮಗನ ತಟ್ಟೆಗೆ ಬಡಿಸಿದಳು. ಸೌತಿ ಹಿಂಡಿದ್ದು ಸಾಲದಾಯ್ತು ಅಂತ ನೆಗೆಣ್ಣಿ ಹೋಗಿ ತೋತಾಪುರಿ ಮಾವಿನಕಾಯಿ ಸಣ್ಣಗೆ ಹೆಚ್ಚಿ ತಂದು ಹಾಕಿಬಿಟ್ಟಳು, ನನ್ನ ಕೇಳದೇ! ರುಚಿ ಏನು ಹೇಳಲಿ, ನಾನು ಮಾಡಿದ್ದಕ್ಕಿಂತ ಚೆನ್ನಾಗಾಯ್ತು. ಅಂದಿನಿಂದ ನಮ್ಮ ಮನೆಯಲ್ಲಿ ಇದಕ್ಕೆ ಬನಹಟ್ಟಿ ಸಲಾಡ್ ಅಂತಲೇ ಹೆಸರು. ಮೊನ್ನೆ ನೆಗೆಣ್ಣಿಯ ಅವ್ವ ಫೋನ್ ಮಾಡಿ ಅಳತೆ ಕೇಳಿದರು. ಅವರ ಓಣಿಯಲ್ಲಿ ಎಲ್ಲರೂ ಮಾಡ್ತಿದ್ದಾರಂತೆ. ಅಲ್ಲಿ ಅದನ್ನು ಜಮಖಂಡಿ ಸಲಾಡ್ ಅಂತಾರಂತೆ.